ಎರಡನೇ ತಟ್ಟು

ಕೊಕ್ಕೆಯಲ್ಲಿ ಬಿಲ್ಲೆ ತೂಗುತ್ತಿದ್ದರೆ ತೊಟ್ಟಿಯೊಳಗೆ ಮನುಷ್ಯ ಇದ್ದಾನೆ. ಬಿಲ್ಲೆ ಇಳಿದಿದ್ದರೆ ಅವನು ಹೊರಗೆ ಬಂದಿದ್ದಾನೆ. ನಾನು ಐದನೇ ಕ್ಲಾಸಿಗೇ ಶಾಲೆಗೆ ಬೆನ್ನು ಹಾಕಿದವನು. ಕಲಿತದ್ದು ಇಷ್ಟೇ, ಮರೆಯದೆ ಉಳಿದದ್ದೂ ಇಷ್ಟೇ.

ನಮ್ಮದು ತೊಟ್ಟಿ ತಿಕ್ಕುವ ಕೆಲಸ. ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಸರಕು ಹೊರುವ ಹಡಗುಗಳು ಬಂದು ನಮ್ಮ ಕಟ್ಟೆಗೆ ಅಂಟಿಕೊಳ್ಳುತ್ತವೆ. ನಾವು ಅವುಗಳ ಹೊಟ್ಟೆಯೊಳಗೆ ಇಳಿದು, ತಳದಲ್ಲಿ ಹೆಪ್ಪುಗಟ್ಟಿದ ಕೆಸರನ್ನು ಕೆರೆದು, ಬಂಡಿಗೆ ತುಂಬಿ, ಕೆಳಗಿನ ಕಸದ ಕಿಂಡಿಯಿಂದ ಹೊರಗೆ ಎಳೆಯುತ್ತೇವೆ. ಒಂದೊಂದು ತೊಟ್ಟಿಯೂ ನಮ್ಮ ಇಡೀ ಕೇರಿಯಷ್ಟು ದೊಡ್ಡದು. ಆ ಕೆಸರಿನ ವಾಸನೆ ಮೂರು ಸಲ ಸೋಪು ಹಚ್ಚಿದರೂ ಹೋಗುವುದಿಲ್ಲ. ನಮ್ಮಲ್ಲಿ ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಒಂದೇ ಥರ ನಾರುವುದರಿಂದ ಸಂಬಂಧ ಕುದುರುವುದು ಸುಲಭ.

ಕಬ್ಬಿಣದ ಎರಡು ಬಳೆಗಳನ್ನು ಒಂದರೊಳಗೆ ಒಂದಿಟ್ಟು ಬಾನಿನಲ್ಲಿ ತೇಲಿಬಿಟ್ಟಂತಿದೆ ನಾವಿದ್ದ ಜಾಗ. ಮೇಲಿನ ಸುತ್ತಿನಲ್ಲಿ ಆಫೀಸು, ಕಿಟಕಿ, ಕುಂಡದ ಗಿಡ. ಕೆಳಗಿನ ಸುತ್ತಿನಲ್ಲಿ ಹಡಗುಕಟ್ಟೆ, ನಾವು ನೂರ ನಲವತ್ತನಾಲ್ಕು ಜನ, ಮತ್ತು ಮೇಲಿನವರು ಉಸಿರಾಡಿ ಬಿಟ್ಟ ಗಾಳಿ.

ಹಡಗುಗಳು ಮನುಷ್ಯರವಲ್ಲ. ಅವುಗಳ ಒಡೆಯರನ್ನು ನಾವು ತಟ್ಟುವವರು ಎನ್ನುತ್ತೇವೆ. ಒದ್ದೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಇಟ್ಟ ಹಾಗಿರುತ್ತಾರೆ. ಕಂಬಳಿಯ ಅಂಚಿನುದ್ದಕ್ಕೂ ಬೆರಳುಗಳು. ಕಣ್ಣಿಲ್ಲ. ಬಾಯಿ ಎಲ್ಲಿದೆ ಎಂದು ಕಂಡವರಿಲ್ಲ. ಮಂಜುಗಡ್ಡೆಯಷ್ಟು ತಣ್ಣಗಿದ್ದರೇ ಅವರು ಬದುಕುವುದು. ಮಾತಾಡುವುದು ಕಬ್ಬಿಣವನ್ನು ತಟ್ಟಿ. ಒಂದು ತಟ್ಟಿದರೆ ಹೌದು. ಎರಡು ತಟ್ಟಿದರೆ ಇಲ್ಲ. ಮೂರು ತಟ್ಟಿದರೆ ಮನುಷ್ಯ. ಹೀಗೆ ನಮಗೂ ಅವರಿಗೂ ನಡುವೆ ಇಪ್ಪತ್ತೆರಡು ಮಾತುಗಳಿವೆ, ಎಲ್ಲವೂ ಕೆಲಸದವು: ತೆರೆ, ಮುಚ್ಚು, ನಿಲ್ಲಿಸು, ಮುಗಿಯಿತು, ಎಷ್ಟು ಹೊತ್ತು. ದಮ್ಮಯ್ಯ ಎನ್ನುವುದಕ್ಕೆ ತಟ್ಟಿಲ್ಲ. ಅಂಥದ್ದೊಂದು ಬೇಕಾದೀತು ಎಂದು ನಮ್ಮ ಹಿರಿಯರಿಗೆ ಹೊಳೆದಿರಲಿಲ್ಲ.

ಪ್ರತಿ ತೊಟ್ಟಿಯ ಬಾಯಲ್ಲೂ ಅವರ ಪೈಕಿ ಒಬ್ಬ ಕಾವಲು ಕೂರುತ್ತಾನೆ, ಕೊಕ್ಕೆಯ ಮೇಲೆ ಬೆರಳಿಟ್ಟುಕೊಂಡು. ಈ ಹಡಗಿನ ಕಾವಲಿನವನಿಗೆ ನಾವಿಟ್ಟ ಹೆಸರು ಬೀಗರು. ಕೂತಲ್ಲಿಂದ ಏಳುವುದಿಲ್ಲ, ಎಲ್ಲದಕ್ಕೂ ತಪ್ಪು ಹುಡುಕುತ್ತಾರೆ, ಆದರೂ ಮರ್ಯಾದೆ ಕೊಡದೆ ವಿಧಿಯಿಲ್ಲ. ಬಿಲ್ಲೆಯನ್ನು ಕೊಕ್ಕೆಗೆ ಹಾಕುವುದು ಯಾರಾದರೂ ಆಗಬಹುದು. ನಮ್ಮ ಗುಂಪಿನ ಎಲ್ಲರದ್ದನ್ನೂ ಮೇಸ್ತ್ರಿಯಾದ ಅಕ್ಕನೇ ಹಾಕುತ್ತಾಳೆ. ಇಳಿಸುವುದು ಮಾತ್ರ ಬಿಲ್ಲೆಯವನೇ ಆಗಬೇಕು. ಇಳಿಸುವಾಗ ಬೀಗರ ಬೆರಳೊಂದು ನಿಮ್ಮ ಕೈಮೇಲೆ ಬಂದು ಕೂರುತ್ತದೆ. ಈ ಬಿಲ್ಲೆಯನ್ನು ಹೋದ ಸಲ ಇಳಿಸಿದ ಕೈಯೇ ಇದು ಎಂದು ಖಾತ್ರಿಯಾದರೆ ಬಿಡುತ್ತದೆ. ಒಮ್ಮೆ ಮುಟ್ಟಿದ ಕೈಯನ್ನು ಅವರು ಮರೆಯುವುದಿಲ್ಲ.

ಈ ಕಟ್ಟಳೆ ಬಂದದ್ದು ಅಪ್ಪ ಸತ್ತ ಮೇಲೆ. ಹನ್ನೆರಡು ವರ್ಷದ ಹಿಂದೆ, ಇದೇ ಹಡಗು. ಅಪ್ಪ ಒಳಗೆ ತಿಕ್ಕುತ್ತಿದ್ದಾಗಲೇ ಅವನ ಬಿಲ್ಲೆ ಕೊಕ್ಕೆಯಿಂದ ಇಳಿಯಿತು. ಬಾಯಿ ಮುಚ್ಚಿತು. ಆ ಸಲ ಹೊರಡುವಾಗಲೇ ತೊಟ್ಟಿಗೆ ಎಣ್ಣೆ ತುಂಬುವುದಿತ್ತು, ತುಂಬಿದರು. ಹಡಗು ತಿರುಗಿ ಬಂದಾಗ ಬೀಗರೇ ಹೆಣವನ್ನು ಬೆರಳುಗಳ ಮೇಲೆ ಹೊತ್ತು ತಂದು ಕಟ್ಟೆಯ ಮೇಲಿಟ್ಟರು. ಮೂರು ತಟ್ಟಿದರು. ಸ್ವಲ್ಪ ಹೊತ್ತು ಬಿಟ್ಟು ಎರಡು ತಟ್ಟಿದರು. ಮನುಷ್ಯ. ಇಲ್ಲ. ಅಂದಿನಿಂದ, ಒಳಗೆ ಮನುಷ್ಯ ಇರಬಹುದೆಂಬ ಸಣ್ಣ ಗುಮಾನಿ ಬಂದರೂ ಅವರು ಹಡಗು ಬಿಡುವುದಿಲ್ಲ.

ಬಿಲ್ಲೆ ತಾನಾಗಿಯೇ ಜಾರಿ ಬಿತ್ತು ಎಂದು ಮೇಲಿನ ಸುತ್ತಿನವರು ಬರೆದು ಕೈತೊಳೆದುಕೊಂಡರು. ಆ ಕೊಕ್ಕೆಯ ತುದಿ ಒಳಕ್ಕೆ ಬಾಗಿದೆ. ಬಿಲ್ಲೆಯನ್ನು ಅರ್ಧ ಸುತ್ತು ತಿರುಗಿಸದೆ ತೆಗೆಯಲು ಆಗುವುದಿಲ್ಲ. ಜಾರಿ ಬೀಳುವ ಬಿಲ್ಲೆಯನ್ನು ನಾನಿನ್ನೂ ಕಂಡಿಲ್ಲ. ಆ ಕೈ ಯಾರದ್ದೆಂದು ಗೊತ್ತಾದ ದಿನ ಅವನನ್ನು ಕೊಲ್ಲುತ್ತೇನೆ ಎಂದು ಹತ್ತು ವರ್ಷದವನಿದ್ದಾಗ ಹೇಳಿದ್ದೆ. ಹೇಳಿದ್ದನ್ನು ಇವತ್ತಿನವರೆಗೆ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ.

ಅಪ್ಪನ ಬಿಲ್ಲೆ ಅಕ್ಕನ ಕೊರಳಲ್ಲಿತ್ತು. ಯಾರ ಬಿಲ್ಲೆಯೆಂದು ತಿಳಿಯಲು ಒಬ್ಬೊಬ್ಬರದ್ದಕ್ಕೂ ಬೇರೆ ಬೇರೆ ಕಚ್ಚು; ಅಪ್ಪನದರ ಅಂಚಿಗೆ ಒಂಬತ್ತು ಕಚ್ಚು, ನಡುವೆ ಒಂದು ತಗ್ಗು.

ಅವತ್ತು ಎರಡನೇ ಪಾಳಿ ಮುಗಿಯುತ್ತಿತ್ತು. ಬೀಗರ ಹಡಗಿನ ತೊಟ್ಟಿ ಕನ್ನಡಿಯ ಹಾಗಾಗಿತ್ತು. ನಮ್ಮ ಬಿಲ್ಲೆಗಳನ್ನೆಲ್ಲ ಗುಮಾಸ್ತರು ಒಂದು ತಟ್ಟೆಗೆ ಹಾಕಿ, ಎಂದಿನಂತೆ ಹಾಜರಿಗೆಂದು ಮೇಲಿನ ಸುತ್ತಿಗೆ ಕಳಿಸಿದರು. ಗುಮಾಸ್ತರು ಹಿಂದೆ ಮೇಲೆಯೇ ಇದ್ದವರು. ಏನೋ ತಪ್ಪಿಗೆ ಕೆಳಗೆ ತಳ್ಳಿದ್ದರಂತೆ. ಅರವತ್ತು ದಾಟಿದೆ, ಎಲ್ಲದರಲ್ಲೂ ನಿಧಾನ. ಒಂದು ಹೆಸರು ಬರೆಯುವಷ್ಟರಲ್ಲಿ ಆ ಹೆಸರಿನವನಿಗೆ ನಿದ್ದೆ ಬರುತ್ತದೆ ಎಂದು ಅವರ ಮಗಳೇ ಹೇಳುತ್ತಾಳೆ. ನಮ್ಮ ಮನೆಯಿಂದ ಎರಡು ಬಾಗಿಲು ಆಚೆ ಇದ್ದು, ಅಮ್ಮನ ಎದೆಯ ಔಷಧಿಯನ್ನು ತಿಂಗಳು ತಿಂಗಳೂ ತಂದುಕೊಡುತ್ತಿದ್ದವರು. ಮಗಳು ನಮ್ಮ ಗುಂಪಿನಲ್ಲೇ ತಿಕ್ಕುತ್ತಾಳೆ. ಮಾತಿಗೆ ಮಾತು ಕೊಡುವುದರಿಂದ ಎಲ್ಲರೂ ಅವಳನ್ನು ಚೂಟಿ ಎನ್ನುತ್ತಾರೆ.

ತಟ್ಟೆ ಮೇಲೆ ಹೋಯಿತು. ಅದರ ಬೆನ್ನಿಗೇ ಮೇಲಕ್ಕೆ ಹೋಗುವ ಮೂರು ಬಾಗಿಲುಗಳೂ ಒಂದರ ಹಿಂದೊಂದು ಧಡ್ ಎಂದು ಮುಚ್ಚಿಕೊಂಡವು. ಗೋಡೆಯ ಧ್ವನಿವರ್ಧಕದಲ್ಲಿ ಒಬ್ಬ ಹೆಂಗಸಿನ ಮೆತ್ತನೆಯ ದನಿ: "ತಾಂತ್ರಿಕ ಕಾರಣಗಳಿಂದ ಕೆಳಗಿನ ಸುತ್ತಿಗೆ ಗಾಳಿ ಪೂರೈಕೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಗಿದೆ. ದಯವಿಟ್ಟು ಸಹಕರಿಸಿ."

ಗಾಳಿಯ ದೊಡ್ಡ ಕೊಳವೆ ಬಿರಿದಿತ್ತು. ಇದ್ದಬದ್ದ ಗಾಳಿಯೂ ಹೊರಗಿನ ಕತ್ತಲಿಗೆ ಸೋರುತ್ತಿತ್ತು. ಅದನ್ನು ಬೆಸೆಯುವ ಬದಲು ನಮ್ಮನ್ನೇ ಕತ್ತರಿಸಿ ಬಿಸಾಕಿದ್ದರು.

ಗುಮಾಸ್ತರು ಗೋಡೆಯ ಮೇಲಿನ ಗಾಳಿಮುಳ್ಳನ್ನು ನೋಡಿ, ಬೆರಳೆಣಿಸಿ, ಹೇಳಿದರು. "ಐದು ಗಂಟೆ. ಎಲ್ಲರೂ ಬಾಯಿ ಮುಚ್ಚಿಕೊಂಡಿದ್ರೆ ಐದೂವರೆ."

"ನನ್ನ ತಮ್ಮ ಇದ್ದಾನಲ್ಲ, ಐದೇ ಅಂತ ಇಟ್ಕೊಳ್ಳಿ" ಎಂದಳು ಅಕ್ಕ. ನಗಿಸಲು ಹೇಳಿದ್ದಲ್ಲ. ಅವಳ ಕಣ್ಣು ಹಡಗಿನ ಮೇಲಿತ್ತು.

ನನ್ನ ಕಣ್ಣೂ ಅಲ್ಲೇ ಇತ್ತು. ಆ ಹಡಗು ಈ ಸಲ ತೊಟ್ಟಿಯನ್ನು ಖಾಲಿ ಇಟ್ಟುಕೊಂಡು ಹೊರಡುವುದು. ನಾಲ್ಕು ದಿನದ ದಾರಿಯಲ್ಲಿ ಇನ್ನೊಂದು ಬಂದರಿದೆ, ಅಲ್ಲಿ ಮನುಷ್ಯರಿದ್ದಾರೆ, ಸರಕು ತುಂಬುವುದು ಅಲ್ಲಿ. ಅಷ್ಟು ದೊಡ್ಡ ತೊಟ್ಟಿಯೊಳಗಿನ ಗಾಳಿ ನಮ್ಮೆಲ್ಲರಿಗೂ ನಾಲ್ಕು ದಿನಕ್ಕೆ ಸಾಕು. ಆದರೆ ನಮ್ಮನ್ನು ಕರೆದುಕೊಂಡು ಹೋಗಿ ಎನ್ನುವುದಕ್ಕೆ ಇಪ್ಪತ್ತೆರಡರಲ್ಲಿ ಮಾತಿಲ್ಲ. ಮನುಷ್ಯ ಎಂದು ತಟ್ಟಿದರೆ ಬೀಗರು ಹಡಗನ್ನೇ ನಿಲ್ಲಿಸುತ್ತಾರೆ, ಮನುಷ್ಯ ಹೊರಗೆ ಬರುವವರೆಗೆ ಕಾಯುತ್ತಾರೆ. ನಾವು ಸತ್ತರೂ ಕಾಯುತ್ತಿರುತ್ತಾರೆ. ಅವರ ಒಳ್ಳೆಯತನವೇ ನಮ್ಮ ಕೊರಳಿಗೆ ಉರುಳಾಗಿತ್ತು.

ಅಷ್ಟರಲ್ಲಿ ತೊಟ್ಟಿಯ ಬಾಯಿ ಮುಚ್ಚತೊಡಗಿತು.

ನಾನು ಯೋಚಿಸಲಿಲ್ಲ. ಯೋಚಿಸಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಅಕ್ಕನ ಕೊರಳಿಗೆ ಕೈ ಹಾಕಿ ದಾರ ಕಿತ್ತೆ. ಏಣಿ ಹತ್ತಿ ಅಪ್ಪನ ಬಿಲ್ಲೆಯನ್ನು ಕೊಕ್ಕೆಗೆ ಸಿಕ್ಕಿಸಿದೆ.

ಬಾಯಿ ಅರ್ಧಕ್ಕೇ ನಿಂತಿತು. ಬೀಗರ ಬೆರಳು ಬಂದು ಬಿಲ್ಲೆಯ ಅಂಚನ್ನು ಸವರಿತು. ಒಂಬತ್ತು ಕಚ್ಚು. ತಗ್ಗಿನಲ್ಲಿ ಬಂದು ನಿಂತಿತು, ತುಂಬ ಹೊತ್ತು ನಿಂತಿತು. ಆಮೇಲೆ ಮೂರು ತಟ್ಟು. ಒಳಗೆ ಮನುಷ್ಯ ಇದ್ದಾನೆಯೇ?

ನಾನು ಸುತ್ತಿಗೆಯಿಂದ ಒಂದು ತಟ್ಟಿದೆ.

ಕೆಳಗೆ ಇಳಿದು ಬಂದಾಗ ಅಕ್ಕನ ಕೊರಳಲ್ಲಿ ದಾರ ಕೊಯ್ದ ಕೆಂಪು ಗೆರೆ ಇತ್ತು. "ಅಪ್ಪಂದು ಹಾಕಿದ್ಯಾ?"

"ಬೇರೆ ಎಲ್ಲಿದೆ? ಎಲ್ಲ ಮೇಲೆ ಕಳಿಸಿ ಕೂತಿದೀವಲ್ಲ."

"ಬೀಗರಿಗೆ ಸುಳ್ಳು ಹೇಳ್ದೆ."

"ಹೇಳ್ದೆ. ನಿಂತ್ರಲ್ಲ."

ಅವಳು ನನ್ನ ಕೆನ್ನೆಗೆ ಒಂದು ಕೊಟ್ಟಳು. ಕೊಟ್ಟ ಕೈಯಲ್ಲೇ ಕಸದ ಕಿಂಡಿಯ ಕಡೆ ತೋರಿಸಿದಳು. "ನಿಂತಾಯ್ತಲ್ಲ, ಇನ್ನೇನು ನೋಡ್ತೀಯ. ಕೇರಿಯವರನ್ನ ಕರಿ. ಚಪ್ಪಲಿ ಬಿಟ್ಟು ಬರೋಕೆ ಹೇಳು."

ಕಸದ ಕಿಂಡಿ ತೊಟ್ಟಿಯ ತಳದಲ್ಲಿದೆ, ಬಾಯಿಯಿಂದ ದೂರ. ಅದನ್ನು ಒಳಗಿನಿಂದ ಬಿಗಿಯಲು ತಿರುಪುಗಳಿವೆ. ಬೀಗರಿಗೆ ಕಣ್ಣಿಲ್ಲ, ಆದರೆ ಕಬ್ಬಿಣದ ಮೇಲೆ ಇಲಿ ಓಡಿದರೂ ಗೊತ್ತಾಗುತ್ತದೆ. ಅದಕ್ಕೇ ನಾನು ತೊಟ್ಟಿಯೊಳಗೆ ಇಳಿದು, ಕನ್ನಡಿಯಂತಿದ್ದ ಗೋಡೆಯನ್ನು ಇನ್ನೊಮ್ಮೆ ಕೆರೆಯತೊಡಗಿದೆ. ಬಿಲ್ಲೆ ಒಂದಿದೆ, ಕೆರೆಯುವ ಸದ್ದೂ ಒಂದಿದೆ, ಸರಿಹೋಯಿತು. ನನ್ನ ಸದ್ದಿನ ಕೆಳಗೆ ಕೇರಿಗೆ ಕೇರಿಯೇ ಬರಿಗಾಲಲ್ಲಿ ನುಸುಳುತ್ತಿತ್ತು. ಕಿಂಡಿಯ ಆಚೆ ಗುಮಾಸ್ತರು ಹಾಜರಿ ಪುಸ್ತಕ ಹಿಡಿದು ನಿಂತು, ಒಂದೊಂದು ಮನೆಯವರನ್ನೇ ಪಿಸುಮಾತಿನಲ್ಲಿ ಕರೆಯುತ್ತಿದ್ದರು. ಅಂಥ ಹೊತ್ತಿನಲ್ಲೂ ಹೆಸರಿನ ಮುಂದೆ ಗುರುತು ಹಾಕದೆ ಒಬ್ಬರನ್ನೂ ಬಿಡಲಿಲ್ಲ.

"ಅಪ್ಪಾ, ಬೇಗ" ಎಂದಳು ಚೂಟಿ.

"ಒಬ್ಬರು ಬಿಟ್ಟುಹೋದ್ರೆ ಯಾರಮ್ಮ ಜವಾಬ್ದಾರಿ."

ಅಮ್ಮನಿಗೆ ನಡೆಯಲು ಉಸಿರು ಸಾಲದು. ಕೆಸರಿನ ಬಂಡಿಗೆ ಗೋಣಿ ಹಾಸಿ ಮಲಗಿಸಿ ಎಳೆದು ತಂದರು. ನನ್ನನ್ನು ದಾಟುವಾಗ ಅವಳು ಮೆಲ್ಲಗೆ ಹೇಳಿದಳು: "ಮೂವತ್ತು ವರ್ಷ ಈ ಬಂಡಿ ಎಳೆದೆ. ಕೂರೋ ಯೋಗ ಇವತ್ತು ಬಂತು ನೋಡು."

ನಾನು ಕೆರೆಯುತ್ತಿದ್ದ ಗೋಡೆಯ ಆಚೆ ಇನ್ನೊಂದು ತೊಟ್ಟಿ. ಅದರಲ್ಲಿ ತಟ್ಟುವವರ ಮರಿಗಳಿದ್ದವು. ಮರಿಗಳಿಗೆ ಮಾತು ಬರುವುದಿಲ್ಲ, ಸುಮ್ಮನೆ ತಟ್ಟುತ್ತಿರುತ್ತವೆ. ತಗಡಿನ ಮೇಲೆ ನೂರಾರು ಉಗುರು ಆಡಿಸಿದ ಹಾಗೆ. ನಮ್ಮ ಕಟ್ಟೆಯ ಬಿಸಿ ಅವುಗಳಿಗೆ ಆಗುವುದಿಲ್ಲ, ಅದಕ್ಕೇ ಹಡಗು ಕೆಲಸ ಮುಗಿದ ಕೂಡಲೇ ಓಡುತ್ತದೆ. ಮೊದಲ ಗಂಟೆ ಆ ಸದ್ದು ಎಷ್ಟು ದಟ್ಟವಾಗಿತ್ತೆಂದರೆ ನನ್ನ ಕೆರೆತ ನನಗೇ ಕೇಳುತ್ತಿರಲಿಲ್ಲ. ಎರಡನೇ ಗಂಟೆಗೆ ನಡುನಡುವೆ ಸಂದು ಬಿತ್ತು. ಬೀಗರು ಮೇಲಿನಿಂದ ಮತ್ತೆ ಮತ್ತೆ ತಟ್ಟಿ ಕೇಳುತ್ತಿದ್ದರು: ಎಷ್ಟು ಹೊತ್ತು? ಎಷ್ಟು ಹೊತ್ತು? ನಾನು ಉತ್ತರಿಸದೆ ಕೆರೆದೆ.

ಅಕ್ಕ ಗೋಡೆಗೆ ಕಿವಿ ಇಟ್ಟಳು. "ಅವೂ ಮಕ್ಕಳೇ ಕಣೋ."

"ಇವರೂ ಮಕ್ಕಳೇ" ಎಂದೆ, ಕತ್ತಲಲ್ಲಿ ಅವ್ವಂದಿರ ಮಡಿಲಿಗೆ ಒತ್ತಿ ಕೂತಿದ್ದವರನ್ನು ತೋರಿಸಿ. "ಲೆಕ್ಕ ಹಾಕೋಕೆ ನನಗೆ ಬರಲ್ಲ. ಶಾಲೆ ಬಿಡಿಸಿದ್ದು ನೀನೇ."

ಅವಳು ಗೋಡೆಯಿಂದ ಕಿವಿ ತೆಗೆದಳು. ಅಪ್ಪ ಸತ್ತ ಮೇಲೆ ನನ್ನನ್ನು ತೊಟ್ಟಿಗೆ ಇಳಿಸಿದ್ದು ಅವಳೇ, ಬೇರೆ ದಾರಿ ಇರಲಿಲ್ಲ. ಗೊತ್ತಿದ್ದೂ ಹೇಳಿದೆ. ಕೋಪ ಬಂದಾಗ ನನ್ನ ಬಾಯಿಗೆ ಸಿಕ್ಕುವುದು ಹತ್ತಿರದವರೇ.

ಮೂರನೇ ಗಂಟೆಗೆ ಎಲ್ಲರೂ ಒಳಗಿದ್ದರು, ಗುಮಾಸ್ತರೊಬ್ಬರನ್ನು ಬಿಟ್ಟು. ನಾನು ಕೆರೆಯುವುದನ್ನು ನಿಲ್ಲಿಸಿ ಬಾಯಿಯಿಂದ ಹತ್ತಿ ಹೊರಗೆ ಬಂದೆ. ಮುಗಿಯಿತು ಎಂದು ತಟ್ಟಿದೆ. ಬಿಲ್ಲೆ ಇಳಿಸಿ, ಬಾಯಿ ಮುಚ್ಚತೊಡಗಿದ ಕೂಡಲೇ ಕೆಳಗೆ ಓಡಿ ಕಿಂಡಿಯಿಂದ ನುಸುಳಿ ತಿರುಪು ಬಿಗಿದರಾಯಿತು ಎಂದುಕೊಂಡಿದ್ದೆ. ಕೊಕ್ಕೆಗೆ ಕೈ ಹಾಕಿದೆ.

ಬೀಗರ ಬೆರಳು ನನ್ನ ಕೈಮೇಲೆ ಕೂತಿತು. ಚರ್ಮ ಸುಟ್ಟಂಥ ತಣ್ಣಗೆ. ನನ್ನ ಕೈ ಅವರಿಗೆ ಗೊತ್ತು. ಆರು ಕಚ್ಚಿನ ಬಿಲ್ಲೆಯ ಕೈ. ಒಂಬತ್ತು ಕಚ್ಚಿನದ್ದಲ್ಲ. ಬೆರಳು ನನ್ನ ಕೈಯನ್ನು ಮೆಲ್ಲಗೆ, ಹಟಮಾರಿ ಮಗುವಿನ ಕೈಯನ್ನು ಸರಿಸುವ ಹಾಗೆ, ಕೊಕ್ಕೆಯಿಂದ ಸರಿಸಿತು. ಎರಡು ತಟ್ಟು. ಇಲ್ಲ.

ಮತ್ತೆ ಹಾಕಿದೆ. ಮತ್ತೆ ಸರಿಸಿದರು.

ಅಕ್ಕ ಕಿಂಡಿಯಿಂದ ಹೊರಗೆ ಬಂದು ಏಣಿಯ ಬುಡದಲ್ಲಿ ನಿಂತಳು. ಆಗ ಅವಳಿಗೂ ಹೊಳೆಯಿತು, ನನಗೂ ಹೊಳೆಯಿತು. ಹುಟ್ಟಿದಾಗಿನಿಂದ ಬಿಲ್ಲೆಯ ಜೊತೆ ಬದುಕಿದವರು ನಾವು. ಬಿಲ್ಲೆ ಹಾಕಿದರೆ ಹಡಗು ನಿಲ್ಲುತ್ತದೆ ಎನ್ನುವುದು ರಕ್ತದಲ್ಲೇ ಇತ್ತು. ಇಳಿಸುವವನು ಬೇಕು ಎನ್ನುವುದು ಹೊಳೆದಿರಲಿಲ್ಲ, ಏಕೆಂದರೆ ಬಿಲ್ಲೆಯವನು ಇಳಿಸಲು ಬಂದೇ ಬರುತ್ತಾನೆ ಎಂದು ನಂಬಿಯೇ ನಾವು ದಿನಾ ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗುವುದು.

"ಸತ್ತವನ ಬಿಲ್ಲೆ ಹಾಕಿದೀಯ" ಎಂದಳು ಅಕ್ಕ. ದನಿ ಏರಿಸಲಿಲ್ಲ. "ಇಳಿಸೋಕೆ ಯಾರು ಬರ್ತಾರೆ? ಅಪ್ಪ ಬರ್ತಾನಾ?"

ಗೋಡೆಯ ಆಚೆ ಮರಿಗಳ ತಟ್ಟು ಮಳೆ ನಿಂತ ಮೇಲಿನ ಹನಿಗಳ ಹಾಗಾಗಿತ್ತು.

ನಾನು ಏಣಿಯಿಂದ ಇಳಿದು ಅದರ ಬುಡದಲ್ಲಿ ಕುಸಿದೆ. ಗಾಳಿ ಆಗಲೇ ತೆಳುವಾಗಿತ್ತು, ನಾಲ್ಕು ಮಾತಾಡಿದರೆ ಕಣ್ಣು ಕತ್ತಲಿಡುತ್ತಿತ್ತು. ಗುಮಾಸ್ತರು ಕಟ್ಟೆಯ ಮೇಲೆ ಹಾಜರಿ ಪುಸ್ತಕವನ್ನು ಎದೆಗೆ ಅವಚಿಕೊಂಡು ನಿಂತಿದ್ದರು. ಪುಸ್ತಕ ತೆರೆದರು, ಮುಚ್ಚಿದರು. ಅವರ ಮಗಳು ಕಿಂಡಿಯಿಂದ ತಲೆ ಹೊರಗೆ ಹಾಕಿ, "ಅಪ್ಪಾ, ಬಾ ಒಳಗೆ" ಎಂದಳು.

"ತಮ್ಮಾ" ಎಂದರು ಅವರು, ನನಗೆ. "ಅದನ್ನ ಕೊನೆಗೆ ಇಳಿಸಿದ್ದು ನಾನು."

ನನಗೆ ಅರ್ಥವಾಗಲಿಲ್ಲ. ಅಕ್ಕನಿಗೆ ಅರ್ಥವಾಯಿತು. ಅವಳು ಏಣಿಯನ್ನು ಹಿಡಿದುಕೊಂಡಳು.

"ಅವತ್ತು ಹಡಗು ತಡ ಆಗಿತ್ತು. ಇಳಿಸು ಅಂತ ಮೇಲಿಂದ ಹೇಳಿದ್ರು. ಒಳಗೆ ಒಬ್ಬ ಇದ್ದಾನೆ ಅಂದೆ. ಬಂದಿರ್ತಾನೆ, ಬಿಲ್ಲೆ ಮರೆತಿರ್ತಾನೆ, ಇಳಿಸು ಅಂದ್ರು. ನಾನೂ ಹಾಗೇ ಅಂದ್ಕೊಂಡೆ. ಹಾಗೆ ಅಂದ್ಕೊಳ್ಳೋದು ಸುಲಭ ಇತ್ತು." ಅವರು ಪ್ರತಿ ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದರು. "ಬೀಗರು ಮೂರು ತಟ್ಟಿ ಕೇಳಿದ್ರು. ನಾನು ಎರಡು ತಟ್ಟಿದೆ. ಇವರ ಬೆರಳು ಅವತ್ತು ನನ್ನ ಕೈಮೇಲೇ ಇತ್ತು. ಆ ಬಿಲ್ಲೆಗೆ ಇವರಿಗೆ ಗೊತ್ತಿರೋ ಕೈ ನಂದೇ."

ಹನ್ನೆರಡು ವರ್ಷ. ಎರಡು ಬಾಗಿಲು ಆಚೆ. ತಿಂಗಳು ತಿಂಗಳೂ ಔಷಧಿ.

ನಾನು ಯಾವಾಗ ಎದ್ದೆ, ಯಾವಾಗ ಅವರನ್ನು ಕಂಬಕ್ಕೆ ಒತ್ತಿದೆ, ನನಗೆ ನೆನಪಿಲ್ಲ. ಸುತ್ತಿಗೆ ಎತ್ತಿದ್ದು ನೆನಪಿದೆ. ಅವರು ಕೈ ಅಡ್ಡ ತರಲಿಲ್ಲ. ಅವರ ಕನ್ನಡಕ ಮಂಜಾಗಿತ್ತು. ನಮಗೆ ಬೇಕಾದದ್ದು ಈ ಮನುಷ್ಯನ ಕೈ ಒಂದೇ ಎಂದು ನನಗೆ ಹೊಳೆದದ್ದೂ ನೆನಪಿದೆ. ಅದನ್ನು ಬಾಯಿಬಿಟ್ಟು ಹೇಳಿದೆ ಕೂಡ.

"ಬಿಸಿ ಇಲ್ಲದ ಕೈ ಬೀಗರಿಗೆ ಗೊತ್ತಾಗುತ್ತೆ" ಎಂದಳು ಅಕ್ಕ. ಬೇಡ ಎನ್ನಲಿಲ್ಲ. ತಪ್ಪು ಎನ್ನಲಿಲ್ಲ. ಕೆಲಸ ಆಗುವುದಿಲ್ಲ ಎಂದಳು ಅಷ್ಟೇ. ನನ್ನ ಅಕ್ಕ ಎಂಥವಳೆಂದು ನನಗೆ ಅವತ್ತು ಗೊತ್ತಾಯಿತು, ನಾನು ಎಂಥವನೆಂದು ಅವಳಿಗೂ.

ಚೂಟಿ ಕಿಂಡಿಯಿಂದ ಹೊರಗೆ ಬಂದು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಅಪ್ಪ ಇಳಿಸಲಿ" ಎಂದಳು. "ಇಳಿಸಿ ನಮ್ಮ ಜೊತೆ ಒಳಗೆ ಬರಲಿ. ನೀನು ಹಾಗೇ ಮಾಡೋಕೆ ಹೊರಟಿದ್ದೆ ಅಲ್ವಾ?"

"ನಾನು ಓಡ್ತೀನಿ. ಅವರು ಓಡ್ತಾರಾ?"

ಏಣಿ ಇಳಿದು ಕಿಂಡಿ ಸೇರಲು ನನ್ನ ಕಾಲಿಗೆ ಇಪ್ಪತ್ತೆಣಿಕೆ. ಬಾಯಿ ಮುಚ್ಚಲು ಮೂವತ್ತು. ಅಷ್ಟರೊಳಗೆ ಕಿಂಡಿಯ ತಿರುಪು ಬಿಗಿದಿರಬೇಕು. ಗುಮಾಸ್ತರಿಗೆ ಏಣಿ ಇಳಿಯಲಿಕ್ಕೇ ಅರವತ್ತು ಬೇಕು. ನಾಲ್ವರಿಗೂ ಗೊತ್ತಿದ್ದ ಸಂಗತಿ.

"ಇನ್ನೊಂದಿದೆಯಲ್ಲಮ್ಮ" ಎಂದರು ಗುಮಾಸ್ತರು. "ಕಡೆಯ ಪ್ರಶ್ನೆ."

ಹಡಗು ಕಟ್ಟೆಯಿಂದ ಬಿಡಿಸಿಕೊಂಡಾಗ ಕಟ್ಟೆಯ ಮೇಲಿನ ಗಾಳಿಯೆಲ್ಲ ಹೊರಗೆ ಹೋಗುತ್ತದೆ. ಅದಕ್ಕೇ ಹೊರಡುವ ಮೊದಲು ಬೀಗರು ಕೇಳುತ್ತಾರೆ: ಹೊರಗೆ ಮನುಷ್ಯ ಇದ್ದಾನೆಯೇ? ಕಟ್ಟೆಯ ಕಬ್ಬಿಣದ ಫಲಕದ ಮೇಲೆ ಮೇಸ್ತ್ರಿ ಎರಡು ತಟ್ಟಿ, ಬಾಗಿಲ ಹಿಂದಕ್ಕೆ ಓಡುತ್ತಾಳೆ. ಉತ್ತರ ಬರದೆ ಹಡಗು ಕದಲುವುದಿಲ್ಲ. ನನ್ನ ಲೆಕ್ಕದಲ್ಲಿ ಇದೂ ಬಿಟ್ಟುಹೋಗಿತ್ತು. ಯಾರಾದರೂ ಒಬ್ಬರು ಹೊರಗೆ ಉಳಿದು, ಹೊರಗೆ ಯಾರೂ ಇಲ್ಲ ಎಂದು ಹೇಳಲೇಬೇಕು.

ಅಕ್ಕ, "ನಾನು ಉಳೀತೀನಿ. ತಟ್ಟೋದು ನನ್ನ ಕೆಲಸ" ಎಂದಳು.

"ಬಿಲ್ಲೆ ನಾನು ಇಳಿಸಲೇಬೇಕು. ಇಳಿಸಿದ ಮೇಲೆ ನಾನು ಹೊರಗೇ. ಇಬ್ಬರು ಯಾಕೆ?" ಗುಮಾಸ್ತರು ಹಾಜರಿ ಪುಸ್ತಕವನ್ನು ಮಗಳ ಕೈಗೆ ಕೊಟ್ಟರು. "ನೂರ ನಲವತ್ಮೂರು. ಎರಡು ಸಲ ಎಣಿಸಿದೀನಿ. ನನ್ನ ಹೆಸರಿಗೆ ಗೈರುಹಾಜರು ಅಂತ ಹಾಕಿದೀನಿ."

ಚೂಟಿ ಪುಸ್ತಕ ತೆಗೆದುಕೊಳ್ಳಲಿಲ್ಲ. ಅವರು ಅದನ್ನು ಅವಳ ತೋಳಿನ ಸಂದಿಗೆ ಸಿಕ್ಕಿಸಿದರು. ಅವಳು ಅವರ ಅಂಗಿಯ ತುದಿ ಹಿಡಿದಳು. ಅವಳ ಬೆರಳುಗಳನ್ನು ಬಿಡಿಸಿ, ಅವಳನ್ನು ಕಿಂಡಿಯೊಳಕ್ಕೆ ತಳ್ಳಿದವನು ನಾನು. ಅವಳು ನನ್ನ ಮುಂಗೈ ಕಚ್ಚಿದಳು. ಕಚ್ಚಲಿ ಎಂದು ಬಿಟ್ಟೆ.

ಗುಮಾಸ್ತರು ನನ್ನ ಸುತ್ತಿಗೆಗೆ ಕೈ ಚಾಚಿದರು. ಕೊಡಲಿಲ್ಲ. ಅಕ್ಕ ತನ್ನದನ್ನು ಕೊಟ್ಟಳು.

"ಕ್ಷಮಿಸು ಅಂತ ಕೇಳಲ್ಲ ತಮ್ಮಾ" ಎಂದರು.

"ಕೇಳಬೇಡಿ. ಸಿಗಲ್ಲ."

ಅವರು ತಲೆಯಾಡಿಸಿ ಏಣಿ ಹತ್ತತೊಡಗಿದರು. ಒಂದೊಂದು ಮೆಟ್ಟಿಲಿಗೂ ನಿಂತು, ಉಸಿರು ತೆಗೆದುಕೊಂಡು.

ಒಳಗೆ ಕತ್ತಲು. ಕಿಂಡಿಯ ತಿರುಪುಗಳನ್ನು ನಾನೂ ಅಕ್ಕನೂ ಬಿಗಿದೆವು. ಅಲುಗಾಡಬೇಡಿ, ಕೆಮ್ಮಬೇಡಿ ಎಂದು ಎಲ್ಲರಿಗೂ ಹೇಳಿದ್ದೆವು. ಅಮ್ಮ ಕೆಮ್ಮು ತಡೆಯಲು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ತುಂಬ ಎತ್ತರದಲ್ಲಿ ಬಾಯಿಯ ದುಂಡನೆಯ ಬೆಳಕು ಕಾಣುತ್ತಿತ್ತು. ಆ ಬೆಳಕಿನಲ್ಲಿ ಒಂದು ಕೈ ಕೊಕ್ಕೆಯ ಕಡೆ ಹೋಯಿತು. ಅದರ ಮೇಲೆ ಬೀಗರ ಬೆರಳು ಕೂತಿತು.

ಕೂತೇ ಇತ್ತು. ಒಂದು ಕೈಯನ್ನು ಗುರುತು ಹಿಡಿಯಲು ಅಷ್ಟು ಹೊತ್ತು ಬೇಕಿರಲಿಲ್ಲ. ಆಮೇಲೆ ಬೆರಳು ಎದ್ದಿತು. ಬಿಲ್ಲೆ ಅರ್ಧ ಸುತ್ತು ತಿರುಗಿ ಇಳಿಯಿತು. ಬೆಳಕು ಬಿದಿಗೆಯ ಚಂದ್ರನಷ್ಟಾಗಿ, ದಾರವಾಗಿ, ಹೋಯಿತು.

ಏನೂ ಕಾಣದ ಕತ್ತಲಲ್ಲಿ ನೂರ ನಲವತ್ಮೂರು ಜನ ಉಸಿರು ಹಿಡಿದರು. ಗೋಡೆಯ ಆಚೆ ಒಂದು ಮರಿ ತಟ್ಟಿತು. ಎಷ್ಟೋ ಹೊತ್ತಿಗೆ ಇನ್ನೊಂದು.

ಆಗ ಬೀಗರ ಪ್ರಶ್ನೆ ಬಂತು. ಹೊರಗೆ ಮನುಷ್ಯ ಇದ್ದಾನೆಯೇ?

ಹೊರಗಿನ ಫಲಕದಿಂದ ಉತ್ತರ ಬರಲಿಲ್ಲ. ಗುಮಾಸ್ತರು ಇನ್ನೂ ಏಣಿ ಇಳಿಯುತ್ತಿರಬೇಕು. ಬೀಗರು ಮತ್ತೆ ಕೇಳಿದರು. ಚೂಟಿ ನನ್ನ ಪಕ್ಕದಲ್ಲೇ ಇದ್ದಳು; ಅವಳ ಹಲ್ಲು ಕಟಕಟ ಎನ್ನುವುದು ನನಗೆ ಕೇಳುತ್ತಿತ್ತು.

ಫಲಕದ ಮೇಲೆ ಒಂದು ತಟ್ಟು.

ನಾನು ಎರಡನೆಯದಕ್ಕೆ ಕಾದೆ. ಒಂದು ತಟ್ಟಿದರೆ ಹೌದು. ಹೌದು, ಮನುಷ್ಯ ಇದ್ದಾನೆ. ಹಡಗು ನಿಲ್ಲುತ್ತದೆ. ಗುಮಾನಿ ಬಂದು ಬಾಯಿ ಮತ್ತೆ ತೆರೆಯುತ್ತಾರೆ. ಬೀಗರು ಒಳಗೆ ಬೆರಳಾಡಿಸುತ್ತಾರೆ, ನಮ್ಮನ್ನು ಒಬ್ಬೊಬ್ಬರನ್ನಾಗಿ ಎತ್ತಿ ಅತಿ ಮರ್ಯಾದೆಯಿಂದ ಕಟ್ಟೆಯ ಮೇಲೆ ಇಡುತ್ತಾರೆ, ನಾವು ಅಲ್ಲಿ ಸಾಯುತ್ತೇವೆ. ಆಚೆ ಮರಿಗಳು ಸಾಯುತ್ತವೆ. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತಾಯಿತು. ಇನ್ನೊಂದು ಉಸಿರಿನಷ್ಟಾಯಿತು. ಎರಡನೇ ತಟ್ಟು ಬರಲಿಲ್ಲ.

ನಾನು ಸುತ್ತಿಗೆ ಬೀಸಿ ಗೋಡೆಗೆ ಒಂದು ಹೊಡೆದೆ.

ಇಡೀ ತೊಟ್ಟಿ ಗಂಟೆಯ ಹಾಗೆ ಮೊಳಗಿತು. ಮೊಳಗು ಅಡಗಿದ ಮೇಲೆ ಬೀಗರು ಏನೂ ತಟ್ಟಲಿಲ್ಲ. ಒಂದು ತಟ್ಟು ಹೊರಗಿನದು, ಒಂದು ಒಳಗಿನದು ಎಂದು ಅವರಿಗೆ ತಿಳಿಯಲಿಲ್ಲವೋ, ತಿಳಿದೂ ಮರಿಗಳಿಗಾಗಿ ಸುಮ್ಮನಾದರೋ. ಇಲಿ ಓಡಿದರೂ ಗೊತ್ತಾಗುವವರು ಅವರು. ಇನ್ನೆರಡು ಉಸಿರಿನ ಹೊತ್ತಿಗೆ ಹಡಗಿನ ಹಿಡಿಗಳು ಒಂದೊಂದಾಗಿ ಕಟ್ಟೆಯನ್ನು ಬಿಟ್ಟವು, ಬೆನ್ನು ಹಿಂದಕ್ಕೆ ಒತ್ತಿತು. ಹೊರಗೆ ಗಾಳಿ ನುಗ್ಗಿಹೋದ ಸದ್ದು ಒಂದು ನಿಟ್ಟುಸಿರಿನಷ್ಟು ಕೇಳಿ ನಿಂತಿತು.

"ಹೊರಟಿತೇನೋ?" ಅಮ್ಮ ಕೇಳಿದಳು.

"ಹೊರಟಿತಮ್ಮ."

ಯಾರೋ ಅಳಲು ಶುರುಮಾಡಿದರು. ಯಾರೋ ಯಾರನ್ನೋ ಅಪ್ಪಿಕೊಂಡರು. ಅಕ್ಕ ಕತ್ತಲಲ್ಲಿ ತಡಕಿ ನನ್ನ ತಲೆಯ ಮೇಲೆ ಕೈಯಿಟ್ಟು, ಅಮ್ಮನ ಕಡೆ ಹೋದಳು.

"ಎರಡನೇದು ನೀನು ಹೊಡೆದಿದ್ದು" ಎಂದಳು ಚೂಟಿ.

"ಅವರು ನಿಲ್ಲಿಸಿಬಿಟ್ರು. ಒಂದೇ ಹೊಡೆದು ನಿಲ್ಲಿಸಿದ್ರು. ಜೀವಕ್ಕೆ ಹೆದರಿದ್ರು."

"ಅಪ್ಪ ನಿಧಾನ" ಎಂದಳು ಅವಳು. "ಯಾವಾಗಲೂ ಹಾಗೇ. ಒಂದು ಹೊಡೆದ ಮೇಲೆ ಸುತ್ತಿಗೆ ಎತ್ತೋಕೆ ಅವರಿಗೆ ಅಷ್ಟು ಹೊತ್ತು ಬೇಕು. ಹೊಡೆದು ಬಾಗಿಲ ಹಿಂದೆ ಹೋಗ್ತಿದ್ರು. ಒಂದು ಗಂಟೆಯೋ ಎರಡು ಗಂಟೆಯೋ ಇರ್ತಿದ್ರು."

ಹೆದರಿದರೋ, ನಿಧಾನವಾಗಿದ್ದರೋ, ಹೇಳುವ ಒಬ್ಬ ಮನುಷ್ಯ ಇದ್ದ. ಅವನು ಹೊರಗಿದ್ದ. ಅಪ್ಪ ಒಳಗಿದ್ದಾಗ, ಒಳಗೆ ಯಾರೂ ಇಲ್ಲ ಎಂದು ಅವನು ಒಮ್ಮೆ ಎರಡು ತಟ್ಟಿದ್ದ. ನಾನು ತಟ್ಟಿದ್ದು ಒಂದೇ.

ಅವಳು ಕತ್ತಲಲ್ಲಿ ನನ್ನ ಕೈಯಿಂದ ಸುತ್ತಿಗೆ ತೆಗೆದುಕೊಂಡಳು. ನಾನು ಬಿಟ್ಟುಕೊಟ್ಟೆ. ಅವಳು ಎದುರು ಗೋಡೆಗೆ ಹೋಗಿ ಕೂತದ್ದು, ಹಾಜರಿ ಪುಸ್ತಕವನ್ನು ಕೆಳಗಿಟ್ಟು ಸುತ್ತಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡದ್ದು ಸದ್ದಿನಿಂದಲೇ ಗೊತ್ತಾಯಿತು. ಹತ್ತು ವರ್ಷದವನಿದ್ದಾಗ ನಾನು ಹೇಳಿದ್ದ ಮಾತು ಅವಳಿಗೂ ಗೊತ್ತು. ಕೇರಿಯಲ್ಲಿ ಎಲ್ಲರಿಗೂ ಗೊತ್ತು.

ನಾಲ್ಕು ದಿನದ ದಾರಿ. ಬಾಯಿ ತೆರೆದ ಮೇಲೆ ಬೀಗರ ಬೆರಳು ಒಬ್ಬೊಬ್ಬರ ಕೈಮೇಲೂ ಬಂದು ಕೂರುತ್ತದೆ, ಸತ್ತವನ ಬಿಲ್ಲೆಗೆ ಬಂದ ಕೈ ಯಾವುದೆಂದು ಹುಡುಕುತ್ತದೆ. ನನ್ನ ಕೈ ಅವರಿಗೆ ಗೊತ್ತು. ಅದಕ್ಕೂ ಮೊದಲು ಈ ಕತ್ತಲಲ್ಲಿ ನನಗೆ ನಿದ್ದೆ ಬಂದೇ ಬರುತ್ತದೆ.

ನಾನು ಗೋಡೆಗೆ ಕಿವಿಯಿಟ್ಟು ಕೂತೆ. ಆಚೆ ಮರಿಗಳು ತಟ್ಟುತ್ತಿದ್ದವು. ಎಣಿಸಬಹುದಾದಷ್ಟೇ ಇದ್ದವು. ಎಣಿಸಿದೆ.